ಬೆಳಕು ಬೀಳದ ಜಾಗ

ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಉತ್ತರ ತಡವಾಯಿತು, ಸಿಟ್ಟಾಗಬೇಡ. ಫೋನ್ ಮಾಡೋಣವೆಂದರೆ ಬಾಯಿ ತುಂಬ ಹುಣ್ಣು. ಕ್ಯಾನ್ಸರಿಗೆಂದು ಕೊಡುವ ಕರೆಂಟು, ಅದೇ ರೇಡಿಯೇಶನ್ನು, ಗಂಟಿನ ಜೊತೆ ಬಾಯನ್ನೂ ಸುಟ್ಟುಬಿಟ್ಟಿದೆ. ಗುಂಡುಪಿನ್ನು ತುಟಿಯಲ್ಲಿ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಹರಟುತ್ತಿದ್ದ ನಿನ್ನ ಅಕ್ಕ ಈಗ ಸ್ಲೇಟು ಹಿಡಿದಿದ್ದಾಳೆ. "ಮದುವೆಯಾದ್ಮೇಲೆ ಈಗಲೇ ನೋಡು ಮನೇಲಿ ನನ್ನ ಮಾತು ನಡೀತಿರೋದು" ಎಂದು ನಿನ್ನ ಭಾವ ನಗಿಸಲು ನೋಡುತ್ತಾರೆ. ನಕ್ಕರೂ ಉರಿ.

ಹುಣ್ಣಿಗೆ ಬೆಳಕಿನ ಚಿಕಿತ್ಸೆ ನಡೆಯುತ್ತಿದೆ. ಕಪ್ಪು ಕನ್ನಡಕ ಹಾಕಿಸಿ, ಪೆನ್ನಿನಂಥ ಕಡ್ಡಿಯನ್ನು ಬಾಯೊಳಗಿಟ್ಟು ಕೆಂಪು ಬೆಳಕು ಬಿಡುತ್ತಾರೆ. ಬಿಸಿಯಿಲ್ಲ, ನೋವಿಲ್ಲ. ತುಟಿ, ಬಲಗೆನ್ನೆ, ನಾಲಿಗೆ, ನಾಲಿಗೆಯ ಕೆಳಗೆ, ಹೀಗೆ ಒಂದೊಂದೇ ಜಾಗ. ಎಡಗೆನ್ನೆಯನ್ನು ಮಾತ್ರ ಕಡ್ಡಿ ದಾಟಿಬಿಡುತ್ತದೆ. ಯಾಕೆಂದು ಒಮ್ಮೆ ಬರೆದು ಕೇಳಿದ್ದೆ. "ಗಂಟಿರೋ ಕಡೆ ಈ ಬೆಳಕು ಬಿಡಲ್ಲ ಅಕ್ಕಾ, ಅಲ್ಲಿಗೆ ಕರೆಂಟೇ ಸರಿ" ಎಂದಳು ಬೆಳಕು ಬಿಡುವ ಹುಡುಗಿ.

ಹೋದ ವಾರ ನಾಲಿಗೆಯ ಕೆಳಗಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ನಿನ್ನೆ ಡಾಕ್ಟರು ನಿನ್ನ ಭಾವನನ್ನು ಹೊರಗೆ ಕರೆದು ಮಾತಾಡಿದರು. ಒಳಗೆ ಬಂದವರು "ಏನೂ ಇಲ್ವಂತೆ ಕಣೇ, ಬರೀ ಹುಣ್ಣಂತೆ" ಎಂದರು. ಮನೆಗೆ ಬಂದ ಮೇಲೆ ನನ್ನ ಹೊಲಿಗೆ ಮಷೀನಿಗೆ ಎಣ್ಣೆ ಹಾಕುತ್ತ ಕೂತುಬಿಟ್ಟರು. ಅದನ್ನು ಬಿಚ್ಚಿದ್ದೂ ಇಲ್ಲ, ಮುಚ್ಚಿದ್ದೂ ಇಲ್ಲ ಅವರು ಇಷ್ಟು ವರ್ಷ. ಸೂಜಿಯ ಬಳಿ ಎಣ್ಣೆ ಸೋರಿ, ಕತ್ತರಿಸಿಟ್ಟಿದ್ದ ಬಟ್ಟೆಗೆಲ್ಲ ಕಲೆಯಾಯಿತು. ನಾನು ಬೈಯಲಿಲ್ಲ.

ನನಗೆ ತುಂಬ ಭಯವಾಗುತ್ತಿದೆ ಪುಟ್ಟಿ. ಧೈರ್ಯ ತಂದುಕೋ ಎಂದು ಮಾತ್ರ ಬರೆಯಬೇಡ, ಎಲ್ಲಿಂದ ತರಲಿ?

ನೀನೂ ಮಕ್ಕಳೂ ಬಿಸಿಬಿಸಿ ಉಂಡು, ಬಾಯ್ತುಂಬ ಜಗಳವಾಡಿಕೊಂಡು ನೂರು ಕಾಲ ಚೆನ್ನಾಗಿರಿ.

ನಿನ್ನ
ಅಕ್ಕ

ವಿ.ಸೂ.: ಇವತ್ತು ಕಡ್ಡಿ ನಾಲಿಗೆಯ ಕೆಳಗನ್ನೂ ದಾಟಿತು. ಯಾಕೆಂದು ಈ ಸಲ ನಾನು ಕೇಳಲಿಲ್ಲ. ಹೊರಗೆ ಕಾಯುತ್ತಿದ್ದ ನಿನ್ನ ಭಾವ "ಉರಿ ಹೇಗಿದೆ?" ಎಂದರು. ಫೋನ್ ಮಾಡಲಾರೆನೆಂದು ಮೇಲೆ ನಿನಗೂ ಸುಳ್ಳೇ ಬರೆದೆ. ಹುಣ್ಣು ಮಾಯುತ್ತ ಬಂದಿದೆ, ಬೆಳಿಗ್ಗೆಯಿಂದ ಮಾತಾಡಲು ಬರುತ್ತಿದೆ. ಬಾಯಿ ಬಿಟ್ಟರೆ ಡಾಕ್ಟರು ಏನೆಂದರೆಂದು ಅವರನ್ನು ಕೇಳಿಬಿಡುತ್ತೇನೆ. ಕೇಳಿದರೆ ಪಾಪ, ಅವರು ನಿಜ ಹೇಳಬೇಕಾಗುತ್ತದೆ. ಸ್ಲೇಟಿನಲ್ಲಿ 'ಇನ್ನೂ ಉರಿ' ಎಂದು ಬರೆದು ತೋರಿಸಿದೆ.