ಬಿಳಿದು ಹಾಕಬೇಡಿ

ನವೆಂಬರ್ 6, ಬೆಳಿಗ್ಗೆ

ಓಟ್ಸ್ ಬಟ್ಟೆಯಲ್ಲಿ ಕಟ್ಟಿ ಉಗುರುಬೆಚ್ಚಗಿನ ನೀರಿಗೆ ಬಿಟ್ಟೆ. ಮಗಳು ಬೆಗಾಯಿಮ್‌ಗೆ ಹತ್ತು ತಿಂಗಳು. ಕೆನ್ನೆ, ಮೊಣಕೈ ಮಡಿಕೆ, ಎಲ್ಲ ಕಡೆ ಎಕ್ಜಿಮಾ. ಹತ್ತು ನಿಮಿಷ ನೆನೆಸಿ, ಉಜ್ಜದೆ ಒತ್ತಿ ಒರೆಸಿ, ಪಸೆ ಆರುವ ಮೊದಲೇ ಮುಲಾಮು. ಆರು ದಿನದಿಂದ ಕೆರೆತ ಕಡಿಮೆ... ನಿನ್ನೆ ನಿದ್ದೆ ಮಾಡಿದಳು ಪುಟ್ಟಿ.

ಅತ್ತೆ ಬಾಗಿಲಲ್ಲಿ ನಿಂತು— "ಕುದುರೆ ಮೇವಲ್ಲಿ ಮಗೂನ ಅದ್ದೋದು ಯಾವ ಶಾಲೇಲಿ ಕಲಿಸಿದ್ರೇ? ನಾನು ನಾಲ್ಕು ಹೆತ್ತೆ. 'ಅದು' ಹಾಕಿದ ನೀರಲ್ಲೇ ಮೀಸಿದೆ. ಚರ್ಮ ಗಟ್ಟಿಯಾಯ್ತು."

'ಅದು' ಎಂದರೆ ಉಪ್ಪು. ನಮ್ಮ ಮಾತಲ್ಲಿ ತುಜ್. ಮಾವನ ಹೆಸರು ತುಜ್‌ಬಾಯ್. ಗಂಡನ ಹೆಸರೆಂದು ಅತ್ತೆ ಹೇಳುವುದಿಲ್ಲ, ಮಾವನ ಹೆಸರೆಂದು ನಾನು ಹೇಳಬಾರದು. ಅವರು 'ಅದು' ಎನ್ನುತ್ತಾರೆ, ನಾನು 'ಬಿಳಿದು'. ಮಾವ ಸತ್ತು ಐದು ವರ್ಷ. ಉಪ್ಪಿನ ಡಬ್ಬಿಯ ಮರ್ಯಾದೆ ಇನ್ನೂ ಇಳಿದಿಲ್ಲ!

ನವೆಂಬರ್ 8

ಗಂಡನ ಅಕ್ಕ ಕಾಲಿಪಾ ಬಂದಿದ್ದಾಳೆ. ನಾಳೆ ನಾನು ಪಾಠ ಮಾಡುವ ಶಾಲೆಯಲ್ಲಿ ಪರೀಕ್ಷೆ, ಇಡೀ ದಿನ. ಮಗುವಿನ ಸ್ನಾನ ಅವಳದ್ದು. ಅತ್ತೆ ಎದುರಿಗೇ ಚಹಾ ಕುಡಿಯುತ್ತಿದ್ದರು. ಅದಕ್ಕೇ ನಾಲಿಗೆ ಹೊರಳಿಸಿ ಹೇಳಿದೆ— "ಅಕ್ಕಾ, ಓಟ್ಸ್ ನೀರು ಸಾಕು. ಬಿಳಿದು ಮಾತ್ರ ಹಾಕಬೇಡಿ."

"ಆಯ್ತು ಮಾರಾಯ್ತಿ, ಎಷ್ಟು ಸಲ ಹೇಳ್ತೀಯ!"

ನವೆಂಬರ್ 9, ಸಂಜೆ 7

ಗೇಟಿನಲ್ಲೇ ಅಳು ಕೇಳಿಸಿತು. ಕೆರೆದ ಗಾಯಗಳೆಲ್ಲ ಕೆಂಡ. ಕಾಲಿಪಾಗೆ ಗಾಬರಿ— "ನೀ ಹೇಳಿದ ಹಾಗೇ ಕಣೇ, ಒಂದು ಹನಿ ಹಾಲೂ ಹಾಕಿಲ್ಲ! ಎರಡು ಹಿಡಿ ಉಪ್ಪು, ಅಷ್ಟೆ. ಅಮ್ಮ ನಮ್ಗೆ ಹಾಕ್ತಿರಲಿಲ್ವಾ?"

ಹೆಸರು ಹೇಳಬಾರದೆಂಬ ಕಟ್ಟು ಮಗಳಿಗಿಲ್ಲ; ಬಿಳಿದು ಎಂದರೆ ಅವಳಿಗೆ ಹಾಲು, ಮೊಸರು. ಎಲ್ಲರಿಗೂ ಅಷ್ಟೇ. ಅವಳ ತಪ್ಪಿಲ್ಲ. ಆದರೆ ಅತ್ತೆಗೆ ನನ್ನ 'ಬಿಳಿದು' ಏನೆಂದು ಗೊತ್ತು. ಒಲೆ ಪಕ್ಕ ಕೂತು ಸುಮ್ಮನೆ ನೋಡಿದ್ದಾರೆ!

ಕಿರುಚಿಬಿಟ್ಟೆ. "ತುಜ್! ತುಜ್ ಹಾಕಬೇಡಿ ಅಂದಿದ್ದು! ತುಜ್!"

"ಸತ್ತವರ ಹೆಸರು ಹಿಡಿದು ಕೂಗ್ತೀಯಾ, ನಾಚಿಕೆಗೆಟ್ಟೋಳೆ!"

"ಬದುಕಿರೋಳು ಉರೀತಿದ್ದಾಳೆ, ಅದು ಕಾಣ್ಸಲ್ವಾ?"

ನನ್ನ ಮೇಲೂ ಸಿಟ್ಟು. ಮೂವತ್ತು ಮಕ್ಕಳಿಗೆ ಗಣಿತ ಹೇಳುವ ಬಾಯಿ. ನಿನ್ನೆ ಒಂದು ಪದ ಹೊರಡಲಿಲ್ಲ.

ನವೆಂಬರ್ 13, ಬೆಳಿಗ್ಗೆ

ಮೂರು ದಿನ ಆಸ್ಪತ್ರೆ. ಕೀವು, ಜ್ವರ. ಏನು ಹಾಕಿದಿರಿ ಎಂದು ಡಾಕ್ಟರ್ ಕೇಳಿದರು. ವಾರ್ಡಿಗೆಲ್ಲ ಕೇಳುವಂತೆ ಹೇಳಿದೆ.

ಈಗ ಜ್ವರ ಇಳಿದಿದೆ. ನಿನ್ನೆ ಮನೆಗೆ ಬಂದೆವು. ಕಾಲಿಪಾ ಅತ್ತುಕೊಂಡು ಊರಿಗೆ ಹೋದಳಂತೆ.

ಇವತ್ತು ಮತ್ತೆ ಓಟ್ಸ್ ನೀರು ಇಟ್ಟೆ. ಅತ್ತೆ ಬಂದರು. ಬೆರಳು ಅದ್ದಿ ನೆಕ್ಕಿ ನೋಡಿದರು. ಮುಖ ಒಂದು ತರಹ...

"ಇದರಲ್ಲಿ... ಅದು ಇಲ್ಲ ತಾನೆ?"

"ಯಾವುದು?" ಎಂದೆ.

"ಅದೇ... ತು..." ನಲವತ್ತು ವರ್ಷ ಆಡದ ಪದ, ಗಂಟಲಲ್ಲೇ ನಿಂತಿತು. ಕಣ್ಣಲ್ಲಿ ನೀರು. ನನಗೆ ಕರುಣೆ ಬರಲಿಲ್ಲ. ಪೂರ್ತಿ ಹೇಳಲಿ. ಮಗುವನ್ನು ಎತ್ತಿಕೊಂಡು ಈ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ.

ಹೊರಗೆ ನಿಂತಿದ್ದಾರೆ, ಉಸಿರು ಕೇಳುತ್ತಿದೆ. ನೀರು ಆರುತ್ತಿದೆ. ಬಾಗಿಲು ತಟ್ಟಿದರು. ಏನೋ ಹೇಳುತ್ತಿದ್ದಾರೆ— "ತು... ತುಜ್..."