ಹಸಿರು ಖಣದಲ್ಲಿ ಕಟ್ಟಿಟ್ಟ ಮೊದಲ ಸಂಬಳ

ಗದಗ
ಹದಿಮೂರನೆಯ ತಿಂಗಳ ಮೂವತ್ತನಾಲ್ಕನೆಯ ದಿನ, ಇಸವಿ ೨೧೩೧

ಮಧುಮತಿ ಅಜ್ಜಿಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳು ಇಂಚರ ಮಾಡುವ ನಮಸ್ಕಾರಗಳು.

ನಿಮಗಿನ್ನೂ ಇಪ್ಪತ್ನಾಲ್ಕು, ಮದುವೆಯೂ ಆಗಿಲ್ಲ. ಅಜ್ಜಿ ಎಂದರೆ ನಗು ಬರಬಹುದು. ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾಗುತ್ತ ಹೋಯಿತೆಂದು ನಮ್ಮ ಕಾಲದವರು ಅದಕ್ಕೊಂದು ಉದ್ದನೆಯ ತಿಂಗಳನ್ನೇ ಹೆಚ್ಚಿಗೆ ಕೊಟ್ಟುಬಿಟ್ಟಿದ್ದಾರೆ. ನನ್ನ ಕೆಲವು ಮಾತುಗಳು ನಿಮಗೆ ಹೊಸವು, ಕ್ಷಮಿಸಿ. ಈ ಪತ್ರವನ್ನು ಹಿನ್ನಡೆ ಅಂಚೆಗೆ ಹಾಕುತ್ತಿದ್ದೇನೆ. ಹಿಂದಿನ ಕಾಲಕ್ಕೆ ಹೋಗುವ ಈ ಅಂಚೆಯಲ್ಲಿ ಕಾಗದ ಕಾಗದವಾಗಿ ತಲುಪುವುದಿಲ್ಲ, ಓದುವವರ ಮಧ್ಯಾಹ್ನದ ಜೊಂಪಿನೊಳಗೆ ಕನಸಾಗಿ ಇಳಿಯುತ್ತದೆ. ವಿಯೆಟ್ನಾಮಿನ ಹಾಯ್‌ಫಾಂಗ್ ಎಂಬ ಬಂದರಿನ ಊರಿಗೆ ನೀವು ಇಂಗ್ಲಿಷ್ ಕಲಿಸಲು ಹೋಗಿ ಇಂದಿಗೆ ನಲವತ್ತು ದಿನ. ಕಿಟಕಿಯ ಪಕ್ಕ ಹಾಗೇ ಕಣ್ಣು ಮುಚ್ಚಿದ್ದೀರಿ. ಬೇಕೆಂದೇ ಈ ದಿನವನ್ನು ಆರಿಸಿದ್ದೇನೆ. ಎದ್ದ ಮೇಲೆ ನೀವು ಮಾಡಲಿರುವ ಒಂದು ಕೆಲಸವನ್ನು ತಡೆಯಬೇಕಾಗಿದೆ.

ನಮ್ಮ ಗದಗದಲ್ಲಿ ಈಗ ಬೀದಿಬೀದಿಗೂ ನೆರಳುಬಟ್ಟೆ ಹರಡಿರುತ್ತದೆ. ಬಿಸಿಲು ಏರಿದಂತೆ ತಾನಾಗಿ ದಪ್ಪವಾಗುವ ನೀಲಿ ಬಟ್ಟೆ ಅದು. ಅದರ ಕೆಳಗೆ ಇಡೀ ಊರು ಕೆರೆಯ ತಳದಲ್ಲಿ ಮಲಗಿದಂತೆ ಕಾಣುತ್ತದೆ, ಜನ ಮೆಲ್ಲಗೆ ನಡೆಯುತ್ತಾರೆ. ಎಲ್ಲರಿಗೂ ಕಿವಿಮಣಿ ಇದೆ. ಯಾರು ಯಾವ ಭಾಷೆಯಲ್ಲಿ ಆಡಿದರೂ ಅದು ನಮ್ಮ ಮಾತಿನಲ್ಲೇ ಕೇಳಿಸುತ್ತದೆ. ಹಾಗಾಗಿ ಇಂಗ್ಲಿಷಿನ ಅಗತ್ಯ ಯಾರಿಗೂ ಇಲ್ಲ, ಆಸೆ ಮಾತ್ರ ಕೆಲವರಿಗೆ ಉಳಿದಿದೆ. ಮಣಿ ತೆಗೆದಿಟ್ಟು ಸ್ವಂತ ಬಾಯಿಂದ ಆಡಬೇಕೆನ್ನುವ ಅಂಥವರು ತೇಲೂರಿನಲ್ಲಿ, ಅಂದರೆ ಸಮುದ್ರದ ಮೇಲೆ ಕಟ್ಟಿದ ಊರಿನಲ್ಲಿ, ಶಾಲೆ ತೆರೆದಿದ್ದಾರೆ. ಮುಂದಿನ ವಾರ ನಾನು ಅಲ್ಲಿಗೆ ಟೀಚರಾಗಿ ಹೊರಟಿದ್ದೇನೆ. ಕೋಣೆಗೆ ಮುಂಗಡ ಮೊದಲೇ ಕೊಡಬೇಕು, ದಾರಿಖರ್ಚು ವಾಪಸ್ಸು ಬರುವುದು ಆರು ತಿಂಗಳಾದ ಮೇಲೆ, ಮೊದಲ ಸಂಬಳ ನಲವತ್ತು ದಿನಕ್ಕೆ. ನೂರು ವರ್ಷದಲ್ಲಿ ಸಮುದ್ರದ ಮೇಲೆ ಊರು ಕಟ್ಟಿದ ಜನ, ಸಂಬಳ ಬೇಗ ಕೊಡುವುದನ್ನು ಮಾತ್ರ ಕಲಿಯಲಿಲ್ಲ.

ನಾನು ಬಟ್ಟೆ ಜೋಡಿಸಿಕೊಳ್ಳುತ್ತಿದ್ದಾಗ ನನ್ನಜ್ಜಿ ನಿಮ್ಮ ಕಥೆ ಹೇಳಿದಳು. ತೊಂಬತ್ತರ ವಯಸ್ಸಿನಲ್ಲಿ ನೀವೇ ಅವಳಿಗೆ ಹೇಳಿದ್ದಂತೆ. ನಿಮ್ಮವ್ವ ನೀಲವ್ವ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದು, ಖಾನಾವಳಿಗಳಿಗೆ ಕೊಟ್ಟು ಕೂಡಿಸಿದ ದುಡ್ಡಿನಲ್ಲಿ ನಿಮ್ಮ ವಿಮಾನ, ವೀಸಾ, ಪದವಿ ಪತ್ರಕ್ಕೆ ಹೊಡೆಸಬೇಕಾದ ಮೊಹರುಗಳು, ಎಲ್ಲ ಆದವು. ಸಂಬಳ ಅಲ್ಲಿನ ದುಡ್ಡಿನಲ್ಲಿ ಎರಡು ಕೋಟಿ ಡಾಂಗ್ ಎಂದು ಕೇಳಿ ಓಣಿಯವರೆಲ್ಲ ಬಾಯಿ ಬಿಟ್ಟರಂತೆ. ನಮ್ಮ ರೂಪಾಯಿಗೆ ಅದು ಅರವತ್ತಾರು ಸಾವಿರ ಎಂದು ನೀವೂ ಬಿಡಿಸಿ ಹೇಳಲಿಲ್ಲ, ನಿಮ್ಮವ್ವನೂ ಹೇಳಲಿಲ್ಲ. ಅಲ್ಲಿ ಕೋಣೆಗೆ ಮೂರು ತಿಂಗಳ ಬಾಡಿಗೆ ಒಟ್ಟಿಗೆ ಕೊಟ್ಟ ಮೇಲೆ ಕೈಯಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಒಂದು ಹೊತ್ತು ಉಂಡು ನಲವತ್ತು ದಿನ ದೂಡಿದಿರಿ. ಸಂಬಳ ಬಂತು. ಮೊದಲ ಸಂಬಳ ಅವ್ವನ ಕೈಗೆ ಹೋಗಬೇಕು, ಅವಳು ಅದನ್ನು ದೇವರ ಮುಂದಿಡಬೇಕು, ಇದು ನಮ್ಮ ಮನೆಯ ಪದ್ಧತಿ. ಅದೇ ಸಂಜೆ ಒಂದು ಪೈಸೆಯನ್ನೂ ಮುರಿಯದೆ ಕಳಿಸಿಬಿಟ್ಟಿರಿ.

ಆಮೇಲೆ ಅನ್ನ, ಉಪ್ಪು, ಬಾಳೆಹಣ್ಣು. ಸ್ವಲ್ಪ ದಿನಕ್ಕೆ ಬಾಳೆಹಣ್ಣೂ ನಿಂತಿತು. ಅವ್ವ ದಿನಾ ಫೋನು ಮಾಡಿ "ಊಟಾ ಆತೇನವಾ?" ಎಂದು ಕೇಳುತ್ತಿದ್ದಳು. "ಆತವ್ವಾ, ನಿಂದು?" ಎನ್ನುತ್ತಿದ್ದಿರಿ. ನಮ್ಮ ಕಡೆ ಆ ಪ್ರಶ್ನೆಗೆ ಬೇರೆ ಉತ್ತರ ಯಾರಿಗೂ ಬಾಯಿಗೆ ಬರುವುದಿಲ್ಲ. ಒಂದು ದಿನ ಮಕ್ಕಳಿಗೆ ಚಿತ್ರ ಹಿಡಿದು ಹಣ್ಣುಗಳ ಹೆಸರು ಹೇಳಿಕೊಡುತ್ತ, ಮಾವಿನ ಹಣ್ಣಿಗೆ ಬಂದಾಗ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದು ಕೂತುಬಿಟ್ಟಿರಿ. ವಾರದೊಳಗೆ ಜೊತೆಯ ಟೀಚರೊಬ್ಬರ ಹತ್ತಿರ ಟಿಕೆಟ್ಟಿಗೆ ಸಾಲ ಪಡೆದು ಊರಿಗೆ ಬಂದಿರಿ. ಅಲ್ಲಿನ ಹವಾ ಒಗ್ಗಲಿಲ್ಲ ಎಂದಿರಿ. ಮತ್ತೆಂದೂ ಪಾಠ ಮಾಡಲಿಲ್ಲ. ಆ ಮಕ್ಕಳು ಬೀದಿಯಲ್ಲಿ ಕಂಡರೆ ಟೀಚರ್, ಟೀಚರ್ ಎಂದು ಓಡಿ ಬರುತ್ತಿದ್ದುದನ್ನು ಹೇಳುವಾಗ ತೊಂಬತ್ತರ ನೀವು ಅತ್ತಿರಂತೆ.

ನಿಮಗೆ ಬಹುಕಾಲ ಗೊತ್ತಾಗದೇ ಇದ್ದದ್ದು ಇನ್ನೊಂದಿದೆ. ನೀಲವ್ವ ಆ ದುಡ್ಡನ್ನು ಖರ್ಚು ಮಾಡಲೇ ಇಲ್ಲ. ಬ್ಯಾಂಕಿನಿಂದ ಬಿಡಿಸಿ ತಂದು, ದೇವರ ಮುಂದಿಟ್ಟು, ಹಸಿರು ಖಣದ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲೇ ಇಟ್ಟಳು. "ಮಗಳು ಮತ್ತ ಹೋಗೂ ಮುಂದ ಬೇಕಾಗ್ತೈತಿ" ಎಂದು ನೆರೆಯವಳಿಗೆ ಹೇಳಿದ್ದಳಂತೆ. ನಿಮಗೆ ಹೇಳಿದರೆ ನೋವು ಕೆದಕಿದಂತಾದೀತೆಂದು ಸುಮ್ಮನಿದ್ದಳು. ದುಡ್ಡು ಆಗಲೇ ಖರ್ಚಾಗಿದೆ ಎಂದುಕೊಂಡು ನೀವೂ ಕೇಳಲಿಲ್ಲ. ಅವಳು ತೀರಿಕೊಂಡ ಮೇಲೆ ಗಂಟು ಸಿಕ್ಕಿತು, ಅಷ್ಟರಲ್ಲಿ ಆ ನೋಟುಗಳ ಕಾಲ ಮುಗಿದಿತ್ತು. ಆ ಗಂಟು ಈಗ ನನ್ನ ತೊಡೆಯ ಮೇಲಿದೆ. ಐನೂರರ ನೂರ ಮೂವತ್ತೆರಡು ನೋಟುಗಳು. ಮೊದಲು ನಿಮ್ಮಿಬ್ಬರ ಮೇಲೂ ಸಿಟ್ಟು ಬಂತು, ಆಮೇಲೆ ಅಳು ಬಂತು.

ಅದಕ್ಕೇ ಬೇಡಿಕೊಳ್ಳುತ್ತೇನೆ. ಎದ್ದು ಬ್ಯಾಂಕಿಗೆ ಹೋದಾಗ, ಪದ್ಧತಿಗೆಂದು ನೂರಾ ಒಂದು ರೂಪಾಯಿ ಕಳಿಸಿ, ದೇವರಿಗೆ ಅಷ್ಟು ಸಾಕು. ಉಳಿದದ್ದು ನಿಮ್ಮ ಹತ್ತಿರವೇ ಇರಲಿ, ಮುಂದಿನ ಸಂಬಳದವರೆಗಿನ ಊಟ ಅದರಲ್ಲಿದೆ. ಈ ಕೊನೆಯ ಸಾಲುಗಳನ್ನು ಅಂಚೆ ಕಚೇರಿಯಲ್ಲೇ ಕೂತು ಬರೆಯುತ್ತಿದ್ದೇನೆ. ಇಲ್ಲಿನ ಹೆಂಗಸಿಗೆ ವಿಷಯವನ್ನೆಲ್ಲ ಹೇಳಿದೆ. ಅವಳು ಪತ್ರ ತೂಗುತ್ತ "ಅವರು ಅಲ್ಲೇ ಉಳದ್ರ ನೀ ಹುಟ್ಟತೀಯೇನವಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಹೆದರಿಕೆಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೂ ಮೊಹರು ಒತ್ತಿಬಿಡಿ ಎಂದೆ.

ಇವತ್ತು ಸಂಜೆಯೂ ನೀಲವ್ವನ ಫೋನು ಬರುತ್ತದೆ. ರೊಟ್ಟಿ ಬಡಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಊಟ ಆಯಿತೇ ಎಂದು ಕೇಳಿ, ನಿಮ್ಮ ಮಾತಿಗೆ ಕಾಯುತ್ತಾಳೆ. ಒಂದೇ ಒಂದು ಸಲ "ಇಲ್ಲವ್ವಾ" ಅನ್ನಿ.

ಇಂತಿ, ಹುಟ್ಟಿದರೆ ನಿಮ್ಮವಳು,
ಇಂಚರ