ನಡೆದು ಬಂದ ಬಾವಿ

ಜನವರಿ 11, ಶನಿವಾರ, ಮಧ್ಯಾಹ್ನ 1

ಅಂಗಡಿ ಖಾಲಿ. ಸಮಯ ನೋಡಿ ನಾಳೆಯ ನಕ್ಷೆ ಜೆರಾಕ್ಸ್ ತೆಗೆದೆ. ಮೂರು ಪ್ರತಿ — ಅಕ್ಕ, ಭಾವ, ಮಹಡಿ ಮೇಲಿನ ಮನೆಯ ಪೋಸ್ಟ್‌ಮನ್, ನಮ್ಮ ಅಂಚೆಯವರು. ಟೋನರ್ ತಳ ಕಂಡಿದೆ, ಮರುಭೂಮಿಯ ಅರ್ಧ ಭಾಗ ಮಾಸಲು. ಇರಲಿ, ಮರಳು ತಾನೇ.

ಮಾಲೀಕರು ಯಾವಾಗ ಬಂದು ಹಿಂದೆ ನಿಂತರೋ! 'ಯಾವ ಊರಿನ ಮ್ಯಾಪಮ್ಮಾ ಇದು?' ಆಟದ್ದು ಸರ್, ಎಂದೆ. ನಾನು ಕಥೆ ಹೇಳ್ತೀನಿ, ಉಳಿದವರು ಅದರೊಳಗೆ ಒಬ್ಬೊಬ್ಬ ಪಾತ್ರ ಆಗ್ತಾರೆ, ಅಂದ್ಕೊಂಡಿದ್ದು ಆಗತ್ತೋ ಇಲ್ವೋ ಅಂತ ದಾಳ ಹೇಳತ್ತೆ. 'ಇಲ್ಲದ ಊರಿಗೆ ಹೋಗೋಕೆ ಇರೋ ಕಾಗದ ದಂಡ' ಎಂದು ಗೊಣಗಿಕೊಂಡು ಹೋದರು.

ನಿಯಮದ ಹಾಳೆಯನ್ನೂ ತಿದ್ದಿದೆ. ದಿನಕ್ಕೆ ಒಬ್ಬರಿಗೆ ಒಂದು ರೊಟ್ಟಿ. ತಪ್ಪಿದರೆ ದಾಳದಲ್ಲಿ ಒಂದು ಕಡಿತ. ನೀರಿನ ನಿಯಮ ಮಾತ್ರ ಹೊಡೆದು ಹಾಕಿದೆ. ಅಕ್ಕನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ದಿನಕ್ಕೆ ಮುಕ್ಕಾಲು ಲೀಟರಿನ ಮೇಲೆ ಒಂದು ಹನಿ ಕೂಡದು. ಮೂರು ವರ್ಷದಿಂದ ಹೀಗೇ. ಭಾನುವಾರ ಆಡುವ ಎರಡು ಗಂಟೆಯಲ್ಲೂ ಬಾಯಾರಿಕೆಯೇ? ಬೇಡ. ನನ್ನ ಮರುಭೂಮಿಯಲ್ಲಿ ಯಾರಿಗೂ ಬಾಯಾರುವುದಿಲ್ಲ. ಕಥೆ ನನ್ನದು, ಕೇಳುವವರು ಯಾರು?

ಜನವರಿ 12, ಭಾನುವಾರ, ಸಂಜೆ 7

ಕೇಳಿದಳು.

ಅಕ್ಕ ನಿಯಮದ ಹಾಳೆ ಹಿಂದೆ ಮುಂದೆ ತಿರುಗಿಸಿದಳು. 'ನೀರು ಎಲ್ಲೇ?'

'ಈ ಸಲ ಬೇಡ ಅಂತ...'

'ಮರುಭೂಮೀಲಿ ನೀರಿನ ಯೋಚನೆ ಇಲ್ವಾ? ಹಾಗಾದ್ರೆ ಇದೇನು, ಪಾರ್ಕಾ?'

ಅಂಚೆಯವರು ನಕ್ಕರು. ಆಟದಲ್ಲಿ ಅವರ ಪಾತ್ರ ಕತ್ತಿವೀರ, ಮೊದಲ ದಿನವೇ ಮೂರು ದಿನದ ರೊಟ್ಟಿ ಮುಗಿಸಿ ಕೂತಿದ್ದ. 'ತೆಗೆಯೋದಾದ್ರೆ ಹಸಿವನ್ನ ತೆಗೀರಮ್ಮಾ, ಪುಣ್ಯ ಬರತ್ತೆ' ಎಂದರು. ಅಕ್ಕ ನಗಲಿಲ್ಲ.

'ಮನೇಲಿ ನೀನು ಬಾಟ್ಲಿಗೆ ಗೆರೆ ಹಾಕಿಡ್ತೀಯ. ಆಸ್ಪತ್ರೇಲಿ ತೂಕ ನೋಡಿ ಬೈತಾರೆ. ನನ್ನ ಬಾಯಾರಿಕೆ ಊರವರ ಕೈಲೆಲ್ಲಾ ಇದೆ ಕಣೇ, ನನ್ನ ಕೈ ಒಂದು ಬಿಟ್ಟು. ಇಲ್ಲಾದ್ರೂ ನಾನು ನೋಡ್ಕೋತೀನಿ. ಕೊಡು.'

ಭಾವ ಪೆನ್ನು ಮುಂದೆ ತಳ್ಳಿದರು. ಬರೆದೆ. ದಿನಕ್ಕೆ ಒಂದು ತೊಗಲಚೀಲ ನೀರು. ಒಂದು ದಿನ ತಪ್ಪಿದರೆ ದಾಳದಲ್ಲಿ ಎರಡು ಕಡಿತ. ಎರಡು ದಿನ ತಪ್ಪಿದರೆ ನಡಿಗೆ ಅರ್ಧ. ಮೂರನೆಯ ದಿನ... ಅಲ್ಲಿ ಕೈ ತಡೆಯಿತು. 'ಬರಿಯೇ, ಮೂರನೇ ದಿನ ಸಾವು' ಎಂದು ಅವಳೇ ಹೇಳಿ ಬರೆಸಿದಳು.

ಕರುಣೆ ಅಂದುಕೊಂಡು ಮಾಡಿದ್ದು ಅವಮಾನ ಆಗಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಜನವರಿ 26, ಭಾನುವಾರ, ಸಂಜೆ 7.30

ಮೊದಲ ಬಾವಿ ಮುಟ್ಟಿದರು. ಪೂರ್ತಿ ಅಕ್ಕನ ಚಾಕಚಕ್ಯತೆ. ಅವಳದು ದಾರಿ ತೋರುವವಳ ಪಾತ್ರ. ಬಿಸಿಲು ಇಳಿದ ಮೇಲೆ ನಡಿಗೆ, ಬಾಯಲ್ಲಿ ಬೆಣಚುಕಲ್ಲು, ಮಾತು ಕಡಿಮೆ. ಗಾಯ ಕಟ್ಟುವ ವೈದ್ಯನಾದ ಭಾವ ಒಂದು ಗುಟುಕು ಹೆಚ್ಚು ಕೇಳಿದರೆ ಗದರಿಸುತ್ತಾಳೆ. ಅಂಚೆಯವರ ರೊಟ್ಟಿಗೂ ಅವಳದೇ ಕಾವಲು. ಜನ್ಮವಿಡೀ ಆಡಿದ್ದೇನೆ, ಇಂಥ ಆಟಗಾರ್ತಿಯನ್ನು ನೋಡಿಲ್ಲ.

ಬಾವಿಯ ಹತ್ತಿರ ಬಂದಾಗ ಹೇಳಿದಳು — 'ಆತುರ ಮಾಡ್ಬೇಡ. ನಿಧಾನಕ್ಕೆ ಹೇಳು.'

ಹೇಳಿದೆ. ಹಗ್ಗ ಒದ್ದೆಯಾಗಿ ಮೇಲೆ ಬರುವುದು, ಕೊಡದ ಬಾಯಿಂದ ತುಳುಕುವುದು, ಬೊಗಸೆ, ಮೊಣಕೈವರೆಗೆ ಇಳಿಯುವ ತಣ್ಣನೆ ಗೆರೆ, ಹಲ್ಲು ಜುಮ್ಮೆನ್ನುವುದು. ಕಣ್ಣು ಮುಚ್ಚಿ ಕೇಳಿದಳು. ಗಂಟಲು ಏರಿ ಇಳಿಯಿತು. ನಾನು ನಿಲ್ಲಿಸಿದಾಗ 'ಇನ್ನೊಂದು ಬೊಗಸೆ' ಎಂದಳು, ನಾಚಿಕೆಯಿಲ್ಲದೆ. ಹೇಳಿದೆ. ಇನ್ನೊಂದು. ಅದನ್ನೂ ಹೇಳಿದೆ.

'ಹೊಟ್ಟೆ ತುಂಬ್ತು' ಎಂದು ತುಟಿ ಒರೆಸಿಕೊಂಡಳು. ಒಣಗಿ ಬಿರಿದ ತುಟಿ.

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ಆ ನೀರಿನ ಸದ್ದು ಅವಳಿಗೆ ಕೇಳಿಸುತ್ತದಲ್ಲ ಎಂದು ನಲ್ಲಿ ನಿಲ್ಲಿಸಿದೆ.

ಫೆಬ್ರವರಿ 5, ಬುಧವಾರ

ಭಾವ ಆಸ್ಪತ್ರೆಯಿಂದ ಅಂಗಡಿಗೇ ಬಂದರು. ಎಂದೂ ಬರದವರು. ಬೈಂಡಿಂಗ್ ಮಷಿನ್ ಪಕ್ಕ ನಿಂತು, ಯಾರದೋ ಪ್ರಾಜೆಕ್ಟ್ ರಿಪೋರ್ಟ್ ನೋಡುತ್ತಾ ಹೇಳಿದರು. ಅಕ್ಕನ ಹೃದಯ ತುಂಬಾ ಸೋತಿದೆಯಂತೆ. ಯಂತ್ರಕ್ಕೆ ಹಾಕಿದಾಗಲೆಲ್ಲ ಬಿ.ಪಿ. ಇಳಿದು ಪ್ರಜ್ಞೆ ತಪ್ಪುತ್ತಿದೆಯಂತೆ. 'ಕಿಡ್ನಿ ಹಾಕೋ ಮಾತು ಇನ್ನು ಬೇಡ ಅಂದ್ರು. ಆಪರೇಷನ್ ತಡಿಯಲ್ವಂತೆ.'

ನನ್ನದು ಹೊಂದಿತ್ತು. ಟೆಸ್ಟೆಲ್ಲ ಮುಗಿದಿತ್ತು. ಕೊಡುವುದೊಂದೇ ಬಾಕಿ ಇತ್ತು.

'ಚಹಾ ತರಿಸ್ಲಾ ಭಾವಾ?' ಎಂದೆ. ಬೇಡ ಎಂದರು.

ಫೆಬ್ರವರಿ 9, ಭಾನುವಾರ, ಸಂಜೆ 6

ಆಟ ಅರ್ಧಕ್ಕೇ ನಿಂತಿತು.

ಮುಂದಿನ ಬಾವಿ ಮೂರು ದಿನದ ದೂರ. ನೀರು ಕಮ್ಮಿ, ಆದರೆ ಹಂಚಿಕೊಂಡರೆ ಹೇಗೋ ಮುಟ್ಟಬಹುದು — ನಾನೇ ಹಾಗೆ ಇಟ್ಟದ್ದು. ಅಕ್ಕ ತನ್ನ ಚೀಲ ಬಿಚ್ಚಿ ಅರ್ಧ ಅಂಚೆಯವರಿಗೆ, ಅರ್ಧ ಭಾವನಿಗೆ ಸುರಿದಳು. 'ನಾನಿಲ್ಲಿ ಕೂರ್ತೀನಿ. ನೀವು ನಡೀರಿ.'

ನಾನು ನಿಯಮ ಹೇಳಲು ಹೋದೆ, ಶತದಡ್ಡಿ. 'ಮೂರು ದಿನ ನೀರಿಲ್ಲದೆ ಕೂತ್ರೆ ಸಾಯ್ತೀಯ ಅಕ್ಕ. ಹಂಚ್ಕೊಂಡ್ರೆ ಮೂರೂ ಜನ ಹೋಗಬಹುದು. ನೀನೇ ಲೆಕ್ಕ ನೋಡು.'

'ನೋಡಿದೀನಿ. ಸುಸ್ತಾಗಿದೆ ಅವಳಿಗೆ, ದಾರಿ ತೋರೋಳಿಗೆ.'

ಅಂಚೆಯವರು 'ಬೇಕಾದ್ರೆ ಹೊತ್ಕೊಂಡು ಹೋಗ್ತೀನಮ್ಮಾ, ಅಷ್ಟು ರೊಟ್ಟಿ ತಿಂದಿದ್ದು ಯಾಕೆ ಮತ್ತೆ?' ಎಂದರು. ಭಾವ ಎದ್ದು ಬಾಲ್ಕನಿಗೆ ಹೋದವರು ಒಳಗೆ ಬರಲೇ ಇಲ್ಲ. ಆಟಕ್ಕೆ ಇಷ್ಟು ಬೇಜಾರೇ ಎಂದು ನನಗೆ ಸಿಟ್ಟು. ಮುಂದಿನ ವಾರ ನೋಡೋಣ ಎಂದು ದಾಳ ಎತ್ತಿಟ್ಟೆ.

ಫೆಬ್ರವರಿ 13, ಗುರುವಾರ, ಮಧ್ಯಾಹ್ನ

ಮೋಸ ಮಾಡಿದೆ. ನಕ್ಷೆಗೆ ವೈಟ್ನರ್ ಬಳಿದು ಬಾವಿ ಅಳಿಸಿ, ಒಂದೇ ದಿನದ ದೂರಕ್ಕೆ ಎಳೆದು ತಂದೆ. ಮೂರು ಪ್ರತಿ ಹೊಸದಾಗಿ ತೆಗೆದು ಹಳೆಯವನ್ನು ಆಟದ ಫೈಲಿನಿಂದ ಎತ್ತಿದೆ. ನೀರಿಲ್ಲದೆ ಒಂದು ದಿನವಾದರೆ ಸಾಯುವುದಿಲ್ಲ. ಎರಡು ಕಡಿತ, ಅಷ್ಟೇ. ಇಷ್ಟು ವರ್ಷದಲ್ಲಿ ಒಂದು ದಾಳವನ್ನೂ ತಿರುಚಿದವಳಲ್ಲ ನಾನು. ಅವಳನ್ನು ಎಬ್ಬಿಸಿ ನಡೆಸಿಯೇ ಸೈ.

ಫೆಬ್ರವರಿ 16, ಭಾನುವಾರ

ಅಕ್ಕ ಹೊಸ ನಕ್ಷೆ ನೋಡಿದಳು. ದಿಂಬಿನ ಕೆಳಗಿಂದ ಹಳೆಯದನ್ನು ತೆಗೆದಳು. ಫೈಲಿನಲ್ಲಿದ್ದದ್ದು ಎರಡೇ ಪ್ರತಿ, ನಾನು ಎಣಿಸಿರಲಿಲ್ಲ. ತನ್ನದು ಅವಳು ಕೈಬಿಟ್ಟೇ ಇರಲಿಲ್ಲ. ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟು ಬೆರಳಿಟ್ಟಳು.

'ಬಾವಿ ನಡ್ಕೊಂಡು ಬಂತೇನೇ?'

ಅಂಚೆಯವರು ಕೆಮ್ಮಿದರು.

'ಡಾಕ್ಟರ್‌ಗೆ ಹೇಳಿ ಆಯ್ತು' ಎಂದಳು. 'ಡಯಾಲಿಸಿಸ್ ಸಾಕು ಅಂತ. ನಿನ್ನೆದೇ ಕೊನೇದು. ನಿಮ್ಮ ಭಾವಂಗೆ ಗೊತ್ತು. ನಿಂಗೆ ಹೇಳೋಕೆ ಬಾಯಿ ಬರ್ಲಿಲ್ಲ ಕಣೇ. ಆಟದಲ್ಲಿ ಹೇಳಿದ್ರೆ ಅರ್ಥ ಆಗತ್ತೆ ಅಂದ್ಕೊಂಡೆ. ನೀನು ನಿಯಮದೋಳು.'

ಏನೇನೋ ಕಿರುಚಿದೆ. ಹೇಡಿ ಎಂದೆ. ಸ್ವಾರ್ಥಿ ಎಂದೆ. ನನ್ನ ಕಿಡ್ನಿ ಏನು ಮಾಡಲಿ ಎಂದೆ, ಹುಚ್ಚಿಯ ಹಾಗೆ. ಕೇಳಿಸಿಕೊಂಡಳು. 'ಬಾವಿನ ಇದ್ದಲ್ಲೇ ಇಡು. ಅಷ್ಟು ದೂರ ನಂಗೆ ಆಗಲ್ಲ ಪುಟ್ಟಿ' ಎಂದಳು.

ಪುಟ್ಟಿ ಎಂದು ಕರೆದು ಇಪ್ಪತ್ತು ವರ್ಷವಾಗಿತ್ತು.

ಫೆಬ್ರವರಿ 21, ಶುಕ್ರವಾರ

ರಜೆ ಹಾಕಿದ್ದೇನೆ. ಅಕ್ಕನ ಕಾಲು ಊದಿದೆ. ಜಾಸ್ತಿ ನಿದ್ದೆ. ಎಚ್ಚರವಾದಾಗ 'ಅಂಚೆಯವರು ಏನು ತಿಂತಿದ್ದಾರೆ ಈಗ?' ಎಂದು ಕೇಳುತ್ತಾಳೆ. ಮರುಭೂಮಿಯಲ್ಲಿ. ಬಾವಿ ಹತ್ರ ಕೂತು ಕೊನೇ ರೊಟ್ಟಿ ಎಂದೆ. 'ನಿಮ್ಮ ಭಾವ?' ತಲುಪಿದ್ರು ಅಕ್ಕ, ಎಂದೆ.

ಭಾವ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು.

ಫೆಬ್ರವರಿ 24, ಸೋಮವಾರ, ಬೆಳಿಗ್ಗೆ 10

ಡಾಕ್ಟರ್ ಫೋನಿನಲ್ಲಿ ಹೇಳಿದರು — ಇನ್ನು ಅಳತೆ ಬೇಡ, ಕೇಳಿದಷ್ಟು ಕೊಡಿ.

ದೊಡ್ಡ ಲೋಟ ತಂದೆ. ಅಂಚಿನವರೆಗೆ ತುಂಬಿಸಿದೆ. ಮೂರು ವರ್ಷದಲ್ಲಿ ಮೊದಲ ಸಲ. ತುಳುಕಿ ಹೊದಿಕೆಯ ಮೇಲೆ ಚೆಲ್ಲಿತು, ಯಾರೂ ಬೈಯಲಿಲ್ಲ. ಭಾವ ತಲೆ ಎತ್ತಿ ಹಿಡಿದರು.

ಒಂದು ಗುಟುಕು. ಎರಡು.

'ಸಾಕು.'

ಸಾಕಂತೆ. ಒಂದು ಬೇಸಿಗೆಯಲ್ಲಿ ಅರ್ಧ ಲೋಟಕ್ಕೆ ನನ್ನ ಸೆರಗು ಹಿಡಿದು ಗೋಗರೆದಿದ್ದಳು. ಬಾಯಿಗಿಟ್ಟ ಲೋಟವನ್ನು ನಾನು ಕಿತ್ತು ಸಿಂಕಿಗೆ ಸುರಿದಿದ್ದೆ, ಅವಳ ಕಣ್ಣೆದುರೇ. ಬದುಕಲಿ ಅಂತ.

'ಇನ್ನೊಂದು ಗುಟುಕು ಅಕ್ಕಾ' ಎಂದೆ. 'ಒಂದೇ ಒಂದು. ನನಗೋಸ್ಕರ.' ತಲೆಯಾಡಿಸಿದಳು. ಚಮಚದಲ್ಲಿ ಹಿಡಿದೆ. ತುಟಿ ತೆರೆಯಲಿಲ್ಲ. ಮತ್ತೆ ಹಿಡಿದೆ. ಸಾಕು ಬಿಡು, ಎಂದರು ಭಾವ. ಬಿಡಲಿಲ್ಲ, ಇನ್ನೂ ಬೇಡುತ್ತಲೇ ಇದ್ದೆ —

11.40

ಲೋಟ ಹಾಗೇ ಇದೆ. ಭಾವ ಕರೆಯುತ್ತಿದ್ದಾರೆ. ಹೆಸರು ಹಿಡಿದು ಕರೆಯುತ್ತಿದ್ದಾರೆ, ನನ್ನದಲ್ಲ, ಅವಳದು. ಅವಳು ಓಗೊಡುತ್ತಿಲ್ಲ —